ಇಲಿಗೆ ಕಾಲಂ ಇಲ್ಲ

22 ವರ್ಷ ಗಣಿತದ ಮೇಷ್ಟ್ರಾಗಿ ಸುಖವಾಗಿದ್ದೆ. ತಪ್ಪು ಮಕ್ಕಳದು, ಕೆಂಪು ಪೆನ್ನು ನನ್ನದು. ನಮ್ಮ ಹೆಡ್‌ಮಾಸ್ಟರು ನಿವೃತ್ತರಾದರು ನೋಡಿ, ಸೀನಿಯಾರಿಟಿ ಪಟ್ಟಿಯಲ್ಲಿ ಅವರ ಕೆಳಗೇ ನನ್ನ ಹೆಸರಿದ್ದ ಒಂದೇ ಅಪರಾಧಕ್ಕೆ ನಾನು ‘ಪ್ರಭಾರಿ’ಯಾದೆ. ಶಾಲು, ಹಾರ, ಹಣ್ಣಿನ ಬುಟ್ಟಿ ಅವರಿಗೆ. ಬೀಗದ ಕೈ ಗೊಂಚಲು ನನಗೆ. ಎಣಿಸಿದೆ. ಬೀಗ 9, ಕೀಲಿ 27.

“ಎಲ್ಲಾ ಸರಿಯಾಗಿದೆ, ಹಾಕಿ ಮೇಷ್ಟ್ರೇ” ಎಂದರು. ಚಾರ್ಜ್ ಲಿಸ್ಟಿಗೆ ಸಹಿ ಹಾಕಿದೆ. ಮಾರನೇ ದಿನ ಸ್ಟಾಕ್ ರಿಜಿಸ್ಟರ್ ತೆಗೆದರೆ ‘ಗ್ಲೋಬ್ – 1’. ಬೀರುವಿನಲ್ಲಿ ಬರೀ ಸ್ಟ್ಯಾಂಡು, 23.5 ಡಿಗ್ರಿ ಓರೆಯಾಗಿ, ಶಾಸ್ತ್ರ ತಪ್ಪದೆ ನಿಂತಿತ್ತು. ಭೂಮಂಡಲ ನಾಪತ್ತೆ! ಮೇಲಿನವರಿಗೆ ಬರೆಯೋಣವೆಂದರೆ, ಭೂಮಿ ಯಾರ ಅವಧಿಯಲ್ಲಿ ಕಳೆಯಿತು ಎಂದು ಕೇಳುತ್ತಾರೆ. ಕೊನೆಯ ಸಹಿ ನನ್ನದು.

ಗ್ಲೋಬಾದರೂ ಮೌನವಾಗಿ ಕಳೆದಿತ್ತು. ಬಿಸಿಯೂಟ ಹಾಗಲ್ಲ, ದಿನಾ ಕಳೆಯುತ್ತದೆ. ಒಂದರಿಂದ ಐದನೇ ತರಗತಿಯವರಿಗೆ ತಲೆಗೆ 100 ಗ್ರಾಂ ಅಕ್ಕಿ, ಅದರ ಮೇಲಿನವರಿಗೆ 150. 2013ರಲ್ಲಿ ಕ್ಷೀರಭಾಗ್ಯ ಶುರುವಾದಾಗ, ಮಗುವಿಗೆ 18 ಗ್ರಾಂ ಹಾಲಿನ ಪುಡಿಯಾದರೆ ಇಡೀ ಶಾಲೆಗೆ ಎಷ್ಟು ಎಂದು ತ್ರೈರಾಶಿ ಕೊಟ್ಟು ಮಕ್ಕಳನ್ನು ಗೋಳುಹುಯ್ದುಕೊಂಡವನು ನಾನೇ. ಆ ಪಾಪ ಈಗ ರಿಜಿಸ್ಟರಿನ ರೂಪದಲ್ಲಿ ಮೇಜಿನ ಮೇಲೆ ಬಂದು ಕೂತಿದೆ. ಪಠ್ಯಪುಸ್ತಕದಲ್ಲಿ 50 ಕಿಲೋ ಅಂದರೆ 50 ಕಿಲೋ. ಉಗ್ರಾಣದಲ್ಲಿ ಅದರೊಳಗೆ ಚೀಲದ ತೂಕವಿದೆ, ಕಲ್ಲಿದೆ, ಮೂಲೆಯಲ್ಲೊಂದು ತೂತಿದೆ. ತೂತಿನಾಚೆಗೆ ಒಂದು ಸಂಸಾರವಂದಿಗ ಇಲಿಯಿದೆ. ‘ಆರಂಭಿಕ ಶಿಲ್ಕು’, ‘ಬಂದದ್ದು’, ‘ಬಳಸಿದ್ದು’, ‘ಉಳಿದದ್ದು’ – ಎಲ್ಲಕ್ಕೂ ಕಾಲಂ ಉಂಟು, ಇಲಿಗೆ ಇಲ್ಲ. ತಿಂಗಳ ಕೊನೆಗೆ ಎರಡು ಕಿಲೋ ಕಡಿಮೆ ಬಿತ್ತು. ರಾತ್ರಿ ಹತ್ತರವರೆಗೆ ಕೂಡಿದೆ, ಕಳೆದೆ. “ಅಂಗಡೀಲಿ ಎರಡು ಕಿಲೋ ತಂದು ಸುರಿದುಬಿಡಿ, ಊಟಕ್ಕೆ ಏಳಿ” ಎಂದಳು ಹೆಂಡತಿ. 22 ವರ್ಷದಲ್ಲಿ ಇಷ್ಟು ಚಿಕ್ಕದಾಗಿ ಒಂದು ಲೆಕ್ಕವನ್ನು ನಾನು ಬಿಡಿಸಿದ್ದಿಲ್ಲ.

ವಾಟ್ಸಾಪಿನ ಕಥೆ ಬೇಡ. ‘ಅತಿ ತುರ್ತು, ಇಂದು 4 ಗಂಟೆಯೊಳಗೆ’ ಎಂಬುದು 4.20ಕ್ಕೆ ಬರುತ್ತದೆ, ಅಷ್ಟೇ.

ಮೊನ್ನೆ ವಿಜ್ಞಾನದ ಮೇಡಂ ರಜೆ ಹಾಕಿದರು. ಬಾಯಲ್ಲಿ “ಛೆ, ಹೀಗಾದರೆ ಹೇಗೆ” ಎಂದು, ಸೀಮೆಸುಣ್ಣ ಜೇಬಿಗಿಳಿಸಿ ಏಳನೇ ತರಗತಿಗೆ ಓಡಿದೆ. ಡಸ್ಟರಿನ ಧೂಳು ಮೂಗಿಗೆ ಬಿದ್ದದ್ದೇ ತವರಿಗೆ ಬಂದಂತಾಯಿತು. ಐದು ನಿಮಿಷವಾಗಿಲ್ಲ, ಅಡುಗೆಯ ಅಕ್ಕ ಬಾಗಿಲಿಗೆ ಬಂದು, “ಸಾರ್, ಇವತ್ತು ಎಷ್ಟು ಅಕ್ಕಿ ಹಾಕ್ಲಿ?” ಎಂದರು. ಹಾಜರಿಯನ್ನು ಬೋರ್ಡಿನ ಮೇಲೆಯೇ ಬರೆದೆ: ಚಿಕ್ಕವರು 61, ದೊಡ್ಡವರು 34. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, “11 ಕಿಲೋ 200 ಗ್ರಾಂ ಸಾರ್” ಎಂದಳು. ಹೆಮ್ಮೆಯಿಂದ ಅಕ್ಕನ ಕಡೆ ತಿರುಗಿದೆ.

ಹಿಂದಿನ ಬೆಂಚಿನಿಂದ ಒಂದು ದನಿ: “ಸಾರ್, ಇಲಿಗೆ ಎಷ್ಟು ಗ್ರಾಂ?”