ಅರ್ಜಿಮೀಮಾಂಸೆ: ಚಿಟಗುಪ್ಪ ಸೀಮೆಯ ಪ್ರವೇಶ-ವಿದ್ಯಾರ್ಥಿವೇತನ ಶಾಸ್ತ್ರಕ್ಕೊಂದು ಲಘುಭಾಷ್ಯ

ಪೀಠಿಕೆ

ನಮ್ಮಲ್ಲಿ ಕಾವ್ಯಮೀಮಾಂಸೆ ಬೆಳೆಯಿತು, ಕರ್ಮಮೀಮಾಂಸೆ ಬೆಳೆಯಿತು. ಅರ್ಜಿಮೀಮಾಂಸೆ ಮಾತ್ರ ಝೆರಾಕ್ಸ್ ಅಂಗಡಿಯ ಹೊಸ್ತಿಲಲ್ಲೇ ನಿಂತಿತು. ಈ ಕೊರತೆ ನೀಗಲೆಂದು ಪ್ರಸ್ತುತ ಸಂಶೋಧಕನು ನಾಲ್ಕು ಬೇಸಿಗೆ ಚಿಟಗುಪ್ಪದ ಒಂದು ಅಂಗಡಿಯ ಮುರುಕು ಸ್ಟೂಲಿನ ಮೇಲೆ ಕೂತು, ಹತ್ತನೇ ತರಗತಿ, ಪಿಯುಸಿ ಮುಗಿಸಿದ ಮಕ್ಕಳ ಅರ್ಜಿ ತುಂಬಿಸಿದ್ದಾನೆ. ಉಪಕರಣ: ಸ್ಟೇಪ್ಲರ್ ಒಂದು, ಪೆನ್ನು ಎರಡು, ತಾಳ್ಮೆ ಯಥೇಚ್ಛ. ಪಿನ್ನಿಗಿಂತ ಮೊದಲು ತಾಳ್ಮೆ ಮುಗಿಯುತ್ತದೆಂಬುದು ಮೊದಲ ಶೋಧ.

ಭಾಷ್ಯ ಬರೆಯುವುದು ಈ ನೆಲಕ್ಕೆ ಹೊಸದಲ್ಲ. ಪಕ್ಕದ ಕಲ್ಯಾಣದಲ್ಲೇ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ ಬರೆದನು. ಹೆಸರಿನ ಕಾಲಂನಲ್ಲಿ ಇಷ್ಟೇ ಅಕ್ಷರವೆಂದು ಮಿತಿ ಹಾಕುವ ಇಂದಿನ ಪೋರ್ಟಲ್‌ಗಳು ಅವನ ಶಿಷ್ಯಪರಂಪರೆಯವೇ ಎಂದು ಊಹಿಸಲು ಅಡ್ಡಿಯಿಲ್ಲ.

ಇತಿಹಾಸ ಖಂಡ

ಹುಮನಾಬಾದ್ ಹತ್ತಿರದ ಜಲಸಂಗಿ ದೇಗುಲದ ಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆ ಬೆನ್ನು ತಿರುಗಿಸಿ ನಿಂತು ಬರೆಯುತ್ತಿದ್ದಾಳೆ. ಅದು ಚಾಲುಕ್ಯ ವಿಕ್ರಮಾದಿತ್ಯನ ಪ್ರಶಸ್ತಿಯೆಂದು ಶಾಸನತಜ್ಞರು ಹೇಳುತ್ತಾರೆ. ಸಂಶೋಧಕನ ವಿನಮ್ರ ಭಿನ್ನಮತ: ಅದು ಅರ್ಜಿ. ದೊರೆಯ ಹೊಗಳಿಕೆಯಿಂದ ಆರಂಭವಾಗಿರುವುದು, ಒಂಬೈನೂರು ವರ್ಷವಾದರೂ ವಿಲೇವಾರಿಯಾಗದಿರುವುದು, ಅರ್ಜಿದಾರಳು ಇನ್ನೂ ನಿಂತೇ ಇರುವುದು, ಈ ಮೂರೂ ಸಾಕ್ಷ್ಯಗಳು ಸಾಕು.

ಎರಡನೆಯ ಸಾಕ್ಷಿ ಕವಿ ಬಿಲ್ಹಣ. ಕಾಶ್ಮೀರ ಬಿಟ್ಟು ಮಥುರೆ, ಕನೌಜ್, ಪ್ರಯಾಗ, ಕಾಶಿ, ಗುಜರಾತು ಸುತ್ತಿ ಕೊನೆಗೆ ಕಲ್ಯಾಣದಲ್ಲಿ ‘ವಿದ್ಯಾಪತಿ’ಯಾದನು. ಇದು ಸ್ಪಷ್ಟವಾಗಿ ಬಹುಸುತ್ತಿನ ಕೌನ್ಸೆಲಿಂಗ್. ಪ್ರತಿ ಊರಲ್ಲೂ ‘ಚಾಯ್ಸ್ 3’ ಒತ್ತಿ, ಅಂದರೆ ಈ ಸೀಟು ಬೇಡ, ಮುಂದಿನ ಸುತ್ತು ನೋಡುವೆನೆಂದು, ಕಲ್ಯಾಣ ಸಿಕ್ಕಾಗ ‘ಚಾಯ್ಸ್ 1’, ಅಂದರೆ ಇದೇ ಸಾಕೆಂದು, ಒತ್ತಿದನು. ನಮ್ಮ ಹುಡುಗರು ತದ್ವಿರುದ್ಧ: ಸಿಗುವುದಿಲ್ಲವೆಂದು ಹೆದರಿ ಬೇಡದ ಕಾಲೇಜನ್ನು ಮೊದಲು ಬರೆಯುತ್ತಾರೆ, ಅದೇ ಸಿಗುತ್ತದೆ. ಇಷ್ಟವಾದುದನ್ನು ಮೇಲೆ ಬರೆದರೆ ಕೆಳಗಿನದು ಕೈತಪ್ಪುವುದಿಲ್ಲವೆಂಬ ಸೂತ್ರವನ್ನು ಬಿಲ್ಹಣ ಬಲ್ಲವನಾಗಿದ್ದ.

ಮೂರನೆಯ ಸಾಕ್ಷಿ ವಿದ್ಯಾರ್ಥಿವೇತನದ್ದು: ಚಿತ್ತಾಪುರ ತಾಲ್ಲೂಕಿನ ನಾಗಾವಿಯ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರದಲ್ಲಿ ವಿದ್ಯಾರ್ಥಿಗಳ ಅನ್ನ-ವಸತಿಗೆ ದತ್ತಿ ಬಿಟ್ಟದ್ದನ್ನು 1058ರ ಶಾಸನ ಹೇಳುತ್ತದೆ. ಆ ಶಾಸನದಲ್ಲಿ ಗ್ರಂಥಭಂಡಾರಿಗಳ ಲೆಕ್ಕವೂ ಇದೆ. ಓಟಿಪಿಯ ಪ್ರಸ್ತಾಪ ಎಲ್ಲೂ ಇಲ್ಲ.

ಪರಿಭಾಷಾ ಖಂಡ

ಆನ್‌ಲೈನ್: ಲೈನ್ ಎಂದರೆ ಸಾಲು. ಸಾಲಿನಲ್ಲಿ ನಿಂತಿರುವ ಸ್ಥಿತಿಯೇ ಆನ್‌ಲೈನ್.

ಸರ್ವರ್: ಬಡಿಸುವವನು. ಅವನು ‘ಡೌನ್’ ಆದರೆ ಅಡುಗೆ ಇದ್ದೂ ಊಟವಿಲ್ಲ. ‘ಸರ್ವರ್ ಡೌನ್ ಅದ್ರಿ, ನಾಳಿ ಬರ್ರಿ’ ಎಂಬ ವಾಕ್ಯದಲ್ಲಿ ‘ನಾಳಿ’ ಕಾಲವಾಚಕವಲ್ಲ, ಸಾಂತ್ವನವಾಚಕ.

ಓಟಿಪಿ: ಮಗಳು ಅಂಗಡಿಯಲ್ಲಿರುವಾಗ, ಹೈದರಾಬಾದಿನಲ್ಲಿ ಗಾರೆಕೆಲಸ ಮಾಡುತ್ತಿರುವ ಅಪ್ಪನ ಮೊಬೈಲಿಗೆ ಬರುವ ಅಂಕಿ. ಅಪ್ಪ ಕೈತೊಳೆದು ಓದುವಷ್ಟರಲ್ಲಿ ಅದು ಗತಿಸಿರುತ್ತದೆ.

ಆತ್ಮಜ್ಞಾನ ಖಂಡ

‘ನಾನು ಯಾರು?’ ಎಂಬ ಪ್ರಶ್ನೆಗೆ ಋಷಿಗಳು ಕಾಡಿಗೆ ಹೋದರು. ನಮ್ಮ ಮಕ್ಕಳು ನಾಡಕಚೇರಿಗೆ ಹೋಗುತ್ತಾರೆ. ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಅದೇ ಹೆಸರಿಗೆ ಅಪ್ಪನ ಹೆಸರೂ ಅಡ್ಡಹೆಸರೂ ಸೇರಿ ಮೂರು ಮಾರುದ್ದ. ಮಗುವಿನ ಮಾತಿರಲಿ, ಊರಿಗೇ ಒಂದು ಹೆಸರಿಲ್ಲ: ಚಿಟಗುಪ್ಪ, ಚಿಟಗುಪ್ಪಾ, ಚಿತ್ತಗುಪ್ಪ. ತಾಲ್ಲೂಕು? ಹುಟ್ಟುವಾಗ ಹುಮನಾಬಾದ್, ಈಗ ಚಿಟಗುಪ್ಪವೇ ತಾಲ್ಲೂಕು. ಪ್ರದೇಶ? 2019ರವರೆಗೆ ಹೈದರಾಬಾದ್ ಕರ್ನಾಟಕ, ಆಮೇಲೆ ಕಲ್ಯಾಣ ಕರ್ನಾಟಕ. ಮನೆ ಕದಲಿಲ್ಲ, ವಿಳಾಸ ಕದಲಿತು. ಅಪ್ಪನ ಜನ್ಮದಿನ ಮಾತ್ರ ಅಚಲ: ಹಿಂದಿನ ಕಾಲದ ಮೇಷ್ಟ್ರು ಬರೆದ ಜೂನ್ 1.

ಇಷ್ಟಾದ ಮೇಲೆ 371(ಜೆ). ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಈ ವಿಧಿಯಡಿ ಈ ಭಾಗದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8ರಷ್ಟು ಸೀಟು. ಇದು ನಿಜವಾದ ಐಶ್ವರ್ಯ. ಆದರೆ ಇಲ್ಲಿಯವನೆಂದು ಸಾಬೀತು ಮಾಡಲು ಉಪವಿಭಾಗಾಧಿಕಾರಿಯ ಪ್ರಮಾಣಪತ್ರ ಬೇಕು. ಅದಕ್ಕೆ ಬಸವಕಲ್ಯಾಣದ ದಾರಿ. ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅಲ್ಲಮನ ಪ್ರಶ್ನೆಗಳನ್ನು ಎದುರಿಸಿದಳಷ್ಟೆ. ಅವಳಿಗೆ ಪಾಸ್‌ಪೋರ್ಟ್ ಅಳತೆಯ ಫೋಟೊ ಕೇಳಿದ್ದು ಯಾವ ಗ್ರಂಥದಲ್ಲೂ ಇಲ್ಲ.

ನಿರ್ಣಾ, ಬೇಮಳಖೇಡದಂಥ ಹಳ್ಳಿಯಲ್ಲಿ ಒಂದರಿಂದ ಹತ್ತರವರೆಗೆ ಓದಿದವರಿಗೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದವರಿಗೆ ಮತ್ತೊಂದು. ಗ್ರಾಮೀಣ ಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುರುಜು ಬೇಕೆಂಬುದು ಹಲವರಿಗೆ ತಿಳಿಯುವುದು ಕೊನೆಯ ದಿನಾಂಕದ ಹಿಂದಿನ ಸಂಜೆ. ಆಗ ಬೆಟ್ಟದಷ್ಟು ಹಕ್ಕಿದ್ದೂ ಮಗು ‘ಜನರಲ್’ ಆಗುತ್ತದೆ. ಇದನ್ನು ಶಾಸ್ತ್ರದಲ್ಲಿ ಸಂನ್ಯಾಸವೆನ್ನುತ್ತಾರೆ.

ಫಲಶ್ರುತಿ ಖಂಡ

ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆ ಗೆದ್ದರೆ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಅರ್ಹ ಮಕ್ಕಳಿಗೆ ವಿದ್ಯಾಸಿರಿ ತಿಂಗಳಿಗಿಷ್ಟೆಂದು ಹತ್ತು ತಿಂಗಳು. ಹಣ ಎಲ್ಲಿಗೆ ಬರುತ್ತದೆ? ಅರ್ಜಿಯ ಜತೆ ಲಗತ್ತಿಸಿದ ಪಾಸ್‌ಬುಕ್ಕಿಗೆಂದು ಪಾಮರರು ಭ್ರಮಿಸುತ್ತಾರೆ. ಅದು ಬರುವುದು ಆಧಾರ್ ಯಾವ ಖಾತೆಗೆ ಕೊನೆಯದಾಗಿ ಜೋಡಣೆಯಾಗಿದೆಯೋ ಅಲ್ಲಿಗೆ. ‘ದುಡ್ಡು ಬಂದಿಲ್ರಿ’ ಎಂದು ವರ್ಷವಿಡೀ ಕೊರಗಿದ ಹುಡುಗನೊಬ್ಬನ ಹಣ, ಅವನೇ ಮರೆತಿದ್ದ ಹಳೆಯ ಖಾತೆಯಲ್ಲಿ ತಣ್ಣಗೆ ಮಲಗಿತ್ತು.

ಪೂರ್ವಪಕ್ಷ ಮತ್ತು ಸಿದ್ಧಾಂತ

ಪೂರ್ವಪಕ್ಷಿ ಕೇಳುತ್ತಾನೆ: ‘ಈಗಿನ ಮಕ್ಕಳು ಮೊಬೈಲ್ ಹಿಡಿದೇ ಹುಟ್ಟುತ್ತಾರೆ, ಅರ್ಜಿ ತುಂಬಲು ಸಹಾಯವೇಕೆ?’

ಉತ್ತರಕ್ಕೆ ಮತ್ತೆ ವಿಜ್ಞಾನೇಶ್ವರನೇ ಗತಿ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬುದು ಮಿತಾಕ್ಷರದ ಪ್ರಸಿದ್ಧ ಮತ. ಅರ್ಜಿಜ್ಞಾನವೂ ಪಿತ್ರಾರ್ಜಿತವೇ. ಅಪ್ಪ ಗುಮಾಸ್ತನೋ ಮೇಷ್ಟ್ರೋ ಆದರೆ ಮಗುವಿಗೆ ‘ಮೇಲುರುಜು’, ‘ದೃಢೀಕರಣ’, ‘ಆರ್‌ಡಿ ಸಂಖ್ಯೆ’ ಎಂಬ ಶಬ್ದಗಳು ಊಟದ ತಾಟಿನ ಪಕ್ಕದಲ್ಲೇ ಸಿಗುತ್ತವೆ. ತೊಗರಿ ಹೊಲದಿಂದ ಬಂದ ಮಗುವಿಗೆ ಅಂಕ ತನ್ನದೇ ಸಂಪಾದನೆ. ಈ ಆಸ್ತಿಯ ಪಾಲು ಮಾತ್ರ ಇಲ್ಲ. ಬಡತನವನ್ನು ಎಲ್ಲರಿಗಿಂತ ಹೆಚ್ಚು ಸಲ ರುಜುವಾತು ಮಾಡಬೇಕಾದವನು, ರುಜುವಾತಿನ ವ್ಯಾಕರಣ ಎಲ್ಲರಿಗಿಂತ ಕಡಿಮೆ ಬಲ್ಲವನು. ಸೀಟು ತಪ್ಪುವುದು ಎಷ್ಟೋ ಸಲ ಪರೀಕ್ಷೆಯಲ್ಲಲ್ಲ, ಕಾಲಂನಲ್ಲಿ.

ಆದುದರಿಂದ ಸಿದ್ಧಾಂತ: ಈ ಆಸ್ತಿಯನ್ನು ಪಾಲು ಮಾಡಬೇಕು. ಪಿಯುಸಿ ಮೊದಲ ವರ್ಷದ ರಜೆಯಲ್ಲೇ ಹೆಸರು ಸರಿಮಾಡಿಸಿ, ಜಾತಿ-ಆದಾಯ, 371(ಜೆ), ವ್ಯಾಸಂಗ ಪ್ರಮಾಣಪತ್ರ ಮಾಡಿಸಿ, ಆಧಾರ್ ಜೋಡಣೆಯಾದ ಖಾತೆ ಯಾವುದೆಂದು ಬ್ಯಾಂಕಿನಲ್ಲಿ ಕೇಳಿಟ್ಟರೆ ಅರ್ಧ ಶಾಸ್ತ್ರ ಮುಗಿಯಿತು. ಉಳಿದರ್ಧಕ್ಕೆ ಒಮ್ಮೆ ಅರ್ಜಿ ತುಂಬಿ ಗೊತ್ತಿರುವ ಒಬ್ಬರು ಪಕ್ಕದಲ್ಲಿ ಕೂತರೆ ಸಾಕು. ಓದುಗರೇ, ಅಂಗಡಿಯಲ್ಲಿ ಇನ್ನೊಂದು ಸ್ಟೂಲು ಖಾಲಿ ಇದೆ. ಬರುವ ಬೇಸಿಗೆಗೆ ಬನ್ನಿ, ಪೆನ್ನು ನನ್ನ ಹತ್ತಿರ ಎರಡಿವೆ.