ಬಾರದವರಿಗಾಗಿ ಒಂದೂವರೆ ನಿಮಿಷ

ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಂಡವನು ಕೆಲವು ದಿನ ಎದುರಿಗೆ ಸಿಕ್ಕವರಿಗೆಲ್ಲ ಅದರ ವೇಗವನ್ನು ಹೊಗಳಿಕೊಂಡು ತಿರುಗುತ್ತಾನೆ. ಆಮೇಲೊಂದು ಬೆಳಿಗ್ಗೆ ಅದೇ ಯಂತ್ರ ಲಾಗಿನ್ ಪರದೆ ತೋರಿಸುವಷ್ಟರಲ್ಲಿ ಅಡುಗೆಮನೆಯ ಕುಕ್ಕರ್ ಕೂಗಿ ಸುಮ್ಮನಾಗಿರುತ್ತದೆ. ವಿಂಡೋಸಿನವನಾದರೆ ಕಂಪನಿಯನ್ನು ಬೈದು ಹಗುರಾಗುತ್ತಿದ್ದ. ಇವನಿಗೆ ಬೈಯಲು ಕಂಪನಿಯೂ ಇಲ್ಲ. ಟರ್ಮಿನಲ್ ತೆರೆದು ತನಿಖೆಗೆ ಕೂರುತ್ತಾನೆ. ಒಂದು ನಿಮಿಷ ಉಳಿಸಲು ಇಡೀ ಭಾನುವಾರ ಹೋಯಿತಲ್ಲ ಎಂದು ಮನೆಯವರು ಹೇಳಿದರೆ ಅದು ಬೇರೆ ವಿಷಯ ಎನ್ನುತ್ತಾನೆ.

ಮೊದಲ ಸಾಕ್ಷಿ ‘ಸಿಸ್ಟಮ್‌ಡಿ-ಅನಲೈಜ್’ ಎಂಬ ಕಮಾಂಡು. ಅದು ಹೋದ ಕಾಲವನ್ನು ಫರ್ಮ್‌ವೇರ್, ಲೋಡರ್, ಕರ್ನಲ್, ಯೂಸರ್‌ಸ್ಪೇಸ್ ಎಂಬ ಬಾಬ್ತುಗಳಲ್ಲಿ ಬರೆದು ಕೊಡುತ್ತದೆ. ಫರ್ಮ್‌ವೇರ್ ನುಂಗಿದ ಸೆಕೆಂಡುಗಳಿಗೆ ಲಿನಕ್ಸ್ ಹೊಣೆಯಲ್ಲ. ಅದಿನ್ನೂ ಡಿಸ್ಕಿನಿಂದ ಎದ್ದೇ ಇರುವುದಿಲ್ಲ. ಲೋಡರ್‌ನ ಲೆಕ್ಕ ಇನ್ನೂ ತಮಾಷೆ. ಗ್ರಬ್ ಮೆನುವಿನಲ್ಲಿ ಬಾಣದ ಕೀಲಿ ಒತ್ತಿದರೆ ಎಣಿಕೆ ನಿಲ್ಲುತ್ತದೆ. ಹಾಗೆ ನಿಲ್ಲಿಸಿ ಹಾಲು ತರಲು ಹೋಗಿ ಬಂದವನ ಹತ್ತು ನಿಮಿಷವೂ ಯಂತ್ರದ ಖಾತೆಗೇ ಬೀಳುತ್ತದೆ.

ಇದೇ ಕಮಾಂಡಿಗೆ ‘ಬ್ಲೇಮ್’ ಎಂದು ಸೇರಿಸಿದರೆ ಹೆಚ್ಚು ಹೊತ್ತು ತೆಗೆದುಕೊಂಡ ಸರ್ವಿಸುಗಳ ಪಟ್ಟಿ ಬರುತ್ತದೆ, ದೊಡ್ಡದು ಮೇಲೆ. ಹೊಸಬರು ಎಡವುವುದು ಇಲ್ಲಿಯೇ. ತುದಿಯಲ್ಲಿ ಎಷ್ಟೋ ಸಲ ಕಾಣಿಸುವುದು ‘ಪ್ಲಿಮತ್-ಕ್ವಿಟ್-ವೇಟ್’. ಪಾಪ, ಅದು ಮಿಕ್ಕವರ ಕೆಲಸ ಮುಗಿದು ಲೋಗೋ ಪರದೆ ಸರಿಯುವವರೆಗೆ ಕಾಯುತ್ತ ನಿಂತಿರುತ್ತದೆ, ಅಷ್ಟೆ. ಅದನ್ನು ಕಿತ್ತೊಗೆದವನಿಗೆ ಲೋಗೋ ಹೋಯಿತು, ಸಮಯ ಅಷ್ಟೇ ಉಳಿಯಿತು. ಯಾರು ಯಾರಿಗಾಗಿ ಕಾದರು ಎಂದು ತಿಳಿಯಬೇಕಾದರೆ ‘ಕ್ರಿಟಿಕಲ್-ಚೈನ್’ ನೋಡಬೇಕು.

ಅಲ್ಲಿ ಹೊರಬೀಳುವ ಗುಟ್ಟೇನೆಂದರೆ, ನಿಧಾನವಾದ ಯಂತ್ರ ಬಹಳ ಸಲ ಕೆಲಸವನ್ನೇ ಮಾಡುತ್ತಿರುವುದಿಲ್ಲ. ಅದೇ ಡಿಸ್ಕಿಗೆ ಇನ್ನೊಂದು ಲಿನಕ್ಸ್ ಹಾಕಿ ನೋಡುವ ಚಪಲ ಈ ಪಂಗಡದವರಿಗೆ ಹುಟ್ಟುಗುಣ. ಹೊಸದು ಬಂದು ಸ್ವಾಪ್ ವಿಭಾಗವನ್ನು ಮತ್ತೆ ಫಾರ್ಮ್ಯಾಟ್ ಮಾಡಿದರೆ ಅದರ ಯುಯುಐಡಿ, ಅಂದರೆ 36 ಅಕ್ಷರದ ಗುರುತಿನ ಸಂಖ್ಯೆ, ಬದಲಾಗುತ್ತದೆ. ಹಳೆಯ ಲಿನಕ್ಸಿನ ‘ಎಫ್‌ಎಸ್‌ಟ್ಯಾಬ್’ ಕಡತದಲ್ಲಿ ಮಾತ್ರ ಹಳೆಯ ಸಂಖ್ಯೆಯೇ; ಏಳುವಾಗ ಅದು ಹುಡುಕುವುದೂ ಅದನ್ನೇ. ಬಸ್ಸೇ ಹತ್ತದ ಬೀಗರಿಗಾಗಿ ಊಟದ ಪಂಕ್ತಿಯನ್ನು ತಡೆದು ನಿಲ್ಲಿಸಿದ ಮದುವೆಮನೆಯಂತೆ ಯಂತ್ರವೆಲ್ಲ ಸ್ತಬ್ಧ. ಪರದೆಯ ಮೇಲೆ ಕೆಂಪು ನಕ್ಷತ್ರಗಳು ಅತ್ತಿಂದಿತ್ತ ಓಡಾಡುತ್ತವೆ. ಪಕ್ಕದಲ್ಲಿ ಸೆಕೆಂಡುಗಳ ಎಣಿಕೆ. ಸರ್ವಿಸುಗಳನ್ನೆಲ್ಲ ಎಬ್ಬಿಸುವ ಸಿಸ್ಟಮ್‌ಡಿ ಇಟ್ಟುಕೊಂಡ ವಾಡಿಕೆಯ ಗಡುವು 90 ಸೆಕೆಂಡು. ಅದು ಮುಗಿದ ಮೇಲೆ ಇಲ್ಲದ ಸ್ವಾಪನ್ನು ಕೈಬಿಟ್ಟು, ಏನೂ ಆಗದವರ ಹಾಗೆ ಮುಂದೆ ಹೋಗುತ್ತದೆ.

ಮದ್ದು ಒಂದೇ ಅಕ್ಷರ: ಆ ಕಡತದಲ್ಲಿ ಸ್ವಾಪಿನ ಸಾಲಿನ ಮುಂದೊಂದು ಹ್ಯಾಶ್. ಸ್ವಾಪ್ ಬೇಕೇ ಬೇಕೆನ್ನುವವರು ‘ಬಿಎಲ್‌ಕೆಐಡಿ’ಯಿಂದ ಹೊಸ ಸಂಖ್ಯೆ ತಿಳಿದು ಬರೆಯಬೇಕು. ಭಾನುವಾರ ಹೋದದ್ದು ಇದಕ್ಕೇ.

ಈ ಸಿಸ್ಟಮ್‌ಡಿ ಹುಟ್ಟಿದ್ದರ ಹಿಂದೆ ಬೂಟ್ ಬೇಗ ಆಗಲೆಂಬ ಆಸೆಯೂ ಇತ್ತು. ಒಂದರ ಹಿಂದೊಂದು ಸಾಲುಗಟ್ಟುತ್ತಿದ್ದ ಸ್ಕ್ರಿಪ್ಟುಗಳ ಬದಲು ಎಲ್ಲವನ್ನೂ ಒಟ್ಟಿಗೆ ಎಬ್ಬಿಸೋಣ ಎಂದು 2010ರಲ್ಲಿ ಲೆನ್ನಾರ್ಟ್ ಪೊಯೆಟ್ಟರಿಂಗ್ ಮತ್ತು ಕೇ ಸೀವರ್ಸ್ ಹೊರಟರು. ಒಟ್ಟಿಗೆ ಎದ್ದವರು ಒಬ್ಬರಿಗೊಬ್ಬರು ಕಾಯುವುದು ಮಾತ್ರ ತಪ್ಪಲಿಲ್ಲ. ಕೇಬಲ್ಲೇ ಸಿಕ್ಕಿಸದ ನೆಟ್‌ವರ್ಕ್ ಪೋರ್ಟಿಗಾಗಿ ಇದರದೇ ‘ವೇಟ್-ಆನ್‌ಲೈನ್’ ಸರ್ವಿಸು 2 ನಿಮಿಷ ಕಾಯಬಲ್ಲದು.

ಕಾಯುವ ಕತೆಗಳಲ್ಲೆಲ್ಲ ಸೊಗಸಾದದ್ದು 2019ರದು. ಲಿನಕ್ಸ್ 5.3 ಸಿದ್ಧವಾಗುತ್ತಿದ್ದಾಗ ‘ಎಕ್ಸ್ಟ್4’ ಫೈಲ್ ಸಿಸ್ಟಮ್ಮಿನಲ್ಲೊಂದು ಸುಧಾರಣೆ ಬಂತು: ಬೂಟಿನ ಹೊತ್ತಿಗೆ ಡಿಸ್ಕನ್ನು ತಡಕುವುದು ಕಡಿಮೆಯಾಯಿತು. ವೇಗ ಹೆಚ್ಚಬೇಕಿತ್ತು, ಕೆಲವು ಯಂತ್ರಗಳು ಲಾಗಿನ್ ಪರದೆಯನ್ನೇ ತಲುಪದೆ ನಿಂತವು. ಲಾಗಿನ್‌ನ ಪ್ರೋಗ್ರಾಮಿಗೆ ಊಹಿಸಲಾಗದ ಸಂಖ್ಯೆಗಳು ಬೇಕು; ಆ ಅನಿಶ್ಚಿತತೆಯನ್ನು ಕರ್ನಲ್ ಡಿಸ್ಕಿನ ಓಡಾಟ, ಕೀಲಿಗಳ ಬಡಿತ ಮುಂತಾದವುಗಳಿಂದ ಸಂಗ್ರಹಿಸುತ್ತದೆ. ಓಡಾಟ ತಗ್ಗಿತು, ಸಂಗ್ರಹವೂ ತಗ್ಗಿತು, ಎಲ್ಲರೂ ಕೂತು ಕಾದರು.

ಲಿನಸ್ ಟೊರ್ವಾಲ್ಡ್ಸ್ 5.3 ಬಿಡುಗಡೆಗೆ ಮುಂಚೆ ಆ ಸುಧಾರಣೆಯನ್ನೇ ವಾಪಸ್ ತೆಗೆದರು. ಸಂಗ್ರಹ ಸಾಲದೆ ಬಂದರೆ ಪ್ರೊಸೆಸರಿನ ಕಾಲಗತಿಯ ಸಣ್ಣಪುಟ್ಟ ಏರುಪೇರುಗಳಿಂದಲೇ ಅದನ್ನು ತುಂಬಿಕೊಳ್ಳುವ ಏರ್ಪಾಡು 5.4ರಲ್ಲಿ ಬಂತು. ಅಲ್ಲಿಯವರೆಗೆ, ಅಪರೂಪಕ್ಕೊಮ್ಮೆ, ತಾಳ್ಮೆಗೆಟ್ಟು ಕೀಬೋರ್ಡನ್ನು ಕುಟ್ಟಿದವನ ಲ್ಯಾಪ್‌ಟಾಪು ಸುಮ್ಮನೆ ಕೂತವನದಕ್ಕಿಂತ ಬೇಗ ಎದ್ದು ಕೂರುವ ಕಾಲವೊಂದಿತ್ತು.