ಓಮ್ನಿ ಕಿಡಿ-ಮುಹೂರ್ತ ನಿರ್ಣಯ

ಓಮ್ನಿಯ ಕಾಲನಿರ್ಣಯದಲ್ಲಿ ವಿದ್ವಾಂಸರಿಗೆ ತಕರಾರಿಲ್ಲ. ಮಾರುತಿ ವ್ಯಾನ್ ಎಂಬ ಪೂರ್ವಾಶ್ರಮದ ಹೆಸರಿನಲ್ಲಿ 1984ರಲ್ಲಿ ಅವತರಿಸಿ, 1988ರಲ್ಲಿ ಓಮ್ನಿಯೆನಿಸಿ, 2019ರಲ್ಲಿ ಅದು ಕಾರ್ಖಾನೆಯಿಂದ ನಿವೃತ್ತವಾಯಿತು. ಆದರೆ ಕಾರ್ಬುರೇಟರ್ ಯುಗದ ಓಮ್ನಿಯಲ್ಲಿ ಕಿಡಿ ಯಾವ ಗಳಿಗೆಗೆ ಹಾರಬೇಕೆಂಬ ವಿಷಯದಲ್ಲಿ ಠಾಣೆಯಿಂದ ಕಲ್ಯಾಣದವರೆಗೆ ಇಬ್ಬರು ಮಿಸ್ತ್ರಿಗಳು ಒಮ್ಮತಕ್ಕೆ ಬಂದ ದಾಖಲೆ ಇನ್ನೂ ಸಿಗಬೇಕಾಗಿದೆ. ಪ್ರಸ್ತುತ ಸಂಶೋಧನೆಗೆ ಅದೇ ಅವಕಾಶ.

ಪೂರ್ವಪಕ್ಷಿಯ ಆಕ್ಷೇಪ ಹೀಗಿದೆ: ಪಿಸ್ಟನ್ ತುದಿ ಮುಟ್ಟಿದ ಮೇಲೆ ಕಿಡಿ ಕೊಟ್ಟರೆ ಸಾಲದೇ, ಮೊದಲೇ ಏಕೆ ಅವಸರ? ಉತ್ತರ: ಪೆಟ್ರೋಲು ಉರಿದು ಹರಡಲಿಕ್ಕೂ ಸಮಯ ಬೇಕು, ಒತ್ತಡದ ಪೂರ್ಣ ಹೊಡೆತ ಪಿಸ್ಟನ್ ಇಳಿಯತೊಡಗಿದಾಗ ಬೀಳಬೇಕಾದರೆ ಕಿಡಿ ಅದಕ್ಕೂ ಮೊದಲೇ ಹಾರಿರಬೇಕು. ನಿಮಿಷಕ್ಕೆ 3000 ಸುತ್ತಿನಲ್ಲಿ ಕ್ರ್ಯಾಂಕ್ ಹತ್ತು ಡಿಗ್ರಿ ತಿರುಗುವುದೆಂದರೆ ಒಂದು ಸೆಕೆಂಡಿನ 1800ರಲ್ಲಿ ಒಂದು ಭಾಗ. ನಮ್ಮ ಮದುವೆ ಮಂಟಪಗಳಲ್ಲಿ ಇಷ್ಟು ಕಟ್ಟುನಿಟ್ಟಿನ ಮುಹೂರ್ತ ಯಾರೂ ಕಂಡಿಲ್ಲ. ಮೂರು ಸಿಲಿಂಡರ್‌ಗಳು ಕಿಡಿ ಪಡೆಯುವ ಕ್ರಮ 1-3-2. ಇದನ್ನು ಲಿಪಿಕಾರನ ಪ್ರಮಾದವೆಂದು ಬಗೆದು 1-2-3 ಎಂದು ತಿದ್ದಿ ವೈರು ಜೋಡಿಸಿದ ಶಿಷ್ಯರ ಸೈಲೆನ್ಸರಿನಲ್ಲಿ ಅಕಾಲ ದೀಪಾವಳಿ ನಡೆದಿದೆ.

ನಿರ್ಣಯದ ವಿಧಾನದಲ್ಲಿ ಎರಡು ಪಂಥಗಳು. ದೀಪಪಂಥದವರು ಟೈಮಿಂಗ್ ಲೈಟ್ ಹಿಡಿದು, ವ್ಯಾಕ್ಯೂಮ್ ಪೈಪ್ ಕಿತ್ತು ಬಾಯಿ ಮುಚ್ಚಿ, ತಿರುಗುವ ಗುರುತನ್ನು ಓದುತ್ತಾರೆ. ತೊಡಕೇನೆಂದರೆ ಗುರುತಿನ ಮೇಲೆ ದಶಕಗಳ ಗ್ರೀಸು ಕೂತು ಪಾಠ ತ್ರುಟಿತವಾಗಿರುತ್ತದೆ. ಸೀಮೆಎಣ್ಣೆ, ಬ್ರಷ್ಷು, ಮೇಲೊಂದು ಸುಣ್ಣದ ಗೀಟು ಇಲ್ಲದೆ ಶಾಸನ ಓದಿಸಿಕೊಳ್ಳುವುದಿಲ್ಲ. ಕರ್ಣಪಂಥದವರಿಗೆ ಈ ರಗಳೆಯಿಲ್ಲ. ಮುಂದಿನ ಸೀಟು ಎತ್ತಿದರೆ ಎಂಜಿನ್ ಅಲ್ಲೇ. ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಬೋಲ್ಟ್ ಸಡಿಲಿಸಿ, ಕಣ್ಣು ಮುಚ್ಚಿ, ‘ಥೋಡಾ ಆಗೆ’ ಎಂದು ಒಂದು ಕೂದಲೆಳೆಯಷ್ಟು ತಿರುಗಿಸುತ್ತಾರೆ. ಡಿಸ್ಟ್ರಿಬ್ಯೂಟರ್ ಒಂದು ಡಿಗ್ರಿ ತಿರುಗಿದರೆ ಕ್ರ್ಯಾಂಕಿನ ಲೆಕ್ಕದಲ್ಲಿ ಎರಡಾಗುವುದರಿಂದ ಆ ಕೂದಲೆಳೆ ಎಷ್ಟು ದಪ್ಪ ಎಂಬುದರ ಮೇಲೆ ಗುರುಶಿಷ್ಯರಲ್ಲಿ ಜಗಳವೂ ಉಂಟು.

ಈ ಲೇಖಕನ ಒಲವು ದೀಪದ ಕಡೆಗೇ. ಆದರೂ ಕರ್ಣಪಂಥದ ಪರ ಒಂದು ಮಾತು ಹೇಳಬೇಕು: ಅವರು ತಮ್ಮ ಸಿದ್ಧಾಂತವನ್ನು ಗ್ಯಾರೇಜಿನಲ್ಲಿ ಮಂಡಿಸುವುದಿಲ್ಲ, ಏರಿನಲ್ಲಿ ಮಂಡಿಸುತ್ತಾರೆ. ಉಡುಪಿ ಹೋಟೆಲಿನ ವ್ಯಾನು ವಾಶಿಯ ಎಪಿಎಂಸಿಯಲ್ಲಿ ಈರುಳ್ಳಿ, ಬಟಾಟೆ, ಕೊತ್ತಂಬರಿ ಕಟ್ಟು ತುಂಬಿಕೊಂಡು ಮಹಾಪೆ ದಾಟಿ ಶಿಲ್‌ಫಾಟಾದತ್ತ ಗುಡ್ಡ ಏರುವಾಗ ಕಿಡಿ ತೀರಾ ಮುಂದಿದ್ದರೆ ಸೀಟಿನಡಿ ‘ಕಟಕಟ’ ಕೇಳುತ್ತದೆ. ತೀರಾ ಹಿಂದಿದ್ದರೆ ಗಾಡಿ ಏಳುವುದಿಲ್ಲ, ಎಂಜಿನ್ ಕಾಯುತ್ತದೆ, ಕಾವು ಚಾಲಕನ ತೊಡೆಗೆ ತಟ್ಟುತ್ತದೆ. ಪ್ರತ್ಯಕ್ಷ, ಅನುಮಾನ, ಶಬ್ದಗಳೊಂದಿಗೆ ಈ ತೊಡೆಯ ಪ್ರಮಾಣವನ್ನೂ ತರ್ಕಶಾಸ್ತ್ರಕ್ಕೆ ಸೇರಿಸಬೇಕೆಂದು ಸಲಹೆ.

ಸಿಎನ್‌ಜಿ ಬಂದ ಮೇಲೆ ಶಾಸ್ತ್ರ ಮತ್ತಷ್ಟು ಗೋಜಲಾಯಿತು. ಗ್ಯಾಸು ಪೆಟ್ರೋಲಿಗಿಂತ ನಿಧಾನವಾಗಿ ಉರಿಯುವುದರಿಂದ ಅದಕ್ಕೆ ಕಿಡಿ ಇನ್ನೂ ಕೆಲವು ಡಿಗ್ರಿ ಮುಂದೆ ಬೇಕು. ಆದರೆ ಗ್ಯಾಸಿಗೆ ಹೊಂದಿಸಿ ಪೆಟ್ರೋಲಿನಲ್ಲಿ ಓಡಿಸಿದರೆ ಮತ್ತೆ ಕಟಕಟ. ಎರಡೂ ಇಂಧನದ ಡೊಂಬಿವಲಿ ಸ್ಕೂಲ್ ವ್ಯಾನುಗಳಿಗೆ ಮಧ್ಯಮ ಮಾರ್ಗವೇ ಗತಿ. ಅದರಿಂದ ಗ್ಯಾಸಿಗೂ ಪೂರ್ತಿ ತೃಪ್ತಿಯಿಲ್ಲ, ಪೆಟ್ರೋಲಿಗೂ ಇಲ್ಲ.

ಇನ್ನು ಸಾಧಕರಿಗೆ ವಿಜ್ಞಾಪನೆ. ಡಿಸ್ಟ್ರಿಬ್ಯೂಟರಿನೊಳಗೆ ಪಾಯಿಂಟ್ ಇರುವ ಗಾಡಿಯಾದರೆ ಅದರ ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ. ಗ್ಯಾಪ್ ಬದಲಾದರೆ ಟೈಮಿಂಗೂ ಸರಿಯುತ್ತದೆ. ಗ್ಯಾಪಿಗೆ ಫೀಲರ್ ಗೇಜ್ ಬಳಸಿ. ಲಗ್ನಪತ್ರಿಕೆಯ ಮೂಲೆ ಕತ್ತರಿಸಿ ತೂರಿಸುವ ಪದ್ಧತಿ ಪ್ರಚಲಿತವಾಗಿದ್ದರೂ ಈಚಿನ ಲಗ್ನಪತ್ರಿಕೆಗಳು ವಿಪರೀತ ದಪ್ಪ. ಕಡೆಯದಾಗಿ, ಬೋಲ್ಟ್ ಬಿಗಿದ ಮೇಲೆ ಇನ್ನೊಮ್ಮೆ ಲೈಟ್ ಹಿಡಿದು ನೋಡಿ, ಬಿಗಿಯುವಾಗಲೇ ಅದು ತಿರುಗಿರುತ್ತದೆ.